ಬಿಡುಗಡೆ ಚೀಟಿಯ ನಂತರದ ಉಸಿರು

ಉಡುಪಿಯಿಂದ ಮಣಿಪಾಲದ ಏರು ಹತ್ತುವ ಸಿಟಿ ಬಸ್ಸಿನಲ್ಲಿ ಸ್ಕ್ಯಾನ್ ಸೆಂಟರಿನ ದೊಡ್ಡ ಕವರನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರನ್ನು ಕಂಡರೆ ನನಗೆ ಸೋದರಮಾವನ ನೆನಪಾಗುತ್ತದೆ. ಅವರ ಕವರು ಇಂದಿಗೂ ಬ್ರಹ್ಮಾವರದ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಒಳಗೆ ಮೂರು ಸಿಟಿ ಸ್ಕ್ಯಾನ್, ಒಂದು ಕಟ್ಟು ಎಕ್ಸ್‌ರೇ, ಒಂದು ಬಿಡುಗಡೆ ಚೀಟಿ. ಚೀಟಿಯ ಕೊನೆಯಲ್ಲಿ ಮಾತ್ರೆಗಳ ಪಟ್ಟಿ, ಅದರ ಕೆಳಗೆ ಹದಿನೈದು ದಿನ ಬಿಟ್ಟು ಬರಬೇಕೆಂಬ ಒಂದು ಸಾಲು. ಕೋವಿಡ್‌ನಿಂದ ಪಾರಾದ ಅವರನ್ನು 2021ರ ಜೂನ್ ಮೊದಲ ವಾರ ಮನೆಗೆ ಕರೆತಂದಾಗ ಇನ್ನುಳಿದಿರುವುದು ಅಷ್ಟೇ ಎಂದು ನಾವು ತಿಳಿದಿದ್ದೆವು.

ವೈರಸ್ಸಿನಿಂದ ಶ್ವಾಸಕೋಶ ಹದಗೆಟ್ಟು, ಸಾವಿನ ಬಾಗಿಲು ತಟ್ಟಿ ಮರಳಿದವರು ಮುಂದೆ ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಈಗ ಹತ್ತು ಬಗೆಯ ಉತ್ತರಗಳು ಓಡಾಡುತ್ತಿವೆ. ಪೋಸ್ಟ್ ಕೋವಿಡ್, ಲಾಂಗ್ ಕೋವಿಡ್, ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಉಳಿಯುವ ಗಡುಸು ಕಲೆ), ಸಿಟಿ ಸ್ಕೋರ್ (ಸ್ಕ್ಯಾನ್ ನೋಡಿ ಕೊಡುವ ಅಂಕ) ಎಲ್ಲವೂ ಒಂದೇ ಗಂಟಿನಲ್ಲಿ ಸೇರಿಹೋಗಿವೆ. ‘ಲಂಗ್ಸ್ ಹೋಗಿದೆ’ ಎಂಬ ಎರಡು ಪದಗಳಲ್ಲಿ ಒಬ್ಬ ಮನುಷ್ಯನ ಮುಂದಿನ ಬದುಕನ್ನೇ ಮುಗಿಸಿಬಿಡುವುದನ್ನು ನಾನು ಮದುವೆ ಮನೆಗಳಲ್ಲಿ ಕೇಳಿದ್ದೇನೆ. ಈ ಗಂಟು 2020ರಲ್ಲಿ ಬಿದ್ದದ್ದಲ್ಲ.

1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಆಮೇಲಿನ ದಶಕಗಳಲ್ಲಿ ಶ್ವಾಸಕೋಶದ ಕಾಯಿಲೆ ಎಂದರೆ ಜನರ ಮನಸ್ಸಿಗೆ ಬರುತ್ತಿದ್ದುದು ಕ್ಷಯ. ಕ್ಷಯಕ್ಕೆ ಸರಿಯಾದ ಔಷಧವಿಲ್ಲದ ಕಾಲದಲ್ಲಿ ಒಂದು ವ್ಯವಸ್ಥೆಯಾದರೂ ಇತ್ತು: ಸ್ಯಾನಟೋರಿಯಂ. ತಿಂಗಳುಗಟ್ಟಲೆ ವಿಶ್ರಾಂತಿ, ಒಳ್ಳೆಯ ಊಟ, ಅಳೆದು ಹೆಚ್ಚಿಸುವ ನಡಿಗೆ. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅಧ್ಯಯನವು, ಮನೆಯಲ್ಲೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು 1959ರಲ್ಲಿ ತೋರಿಸಿಕೊಟ್ಟಿತು. ಆ ಅಧ್ಯಯನ ಶುರುವಾದ ವರ್ಷದ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತು. ಬಡವರ ಪಾಲಿಗೆ ಅದು ದೊಡ್ಡ ವರ. ಆದರೆ ಸ್ಯಾನಟೋರಿಯಂಗಳ ಜೊತೆಗೆ, ಚೇತರಿಕೆಗೂ ಒಂದು ಜಾಗ, ಒಂದು ಅವಧಿ, ಅದನ್ನು ನೋಡಿಕೊಳ್ಳುವ ಜನ ಬೇಕು ಎಂಬ ತಿಳಿವಳಿಕೆಯೂ ಮರೆಯಾಯಿತು ಎಂದು ನನಗೆ ಅನ್ನಿಸುತ್ತದೆ.

ಅದೇ ಹೊತ್ತಿಗೆ ಆಸ್ಪತ್ರೆಯೊಳಗೆ ಬೇರೆಯೇ ಕಥೆ ನಡೆಯುತ್ತಿತ್ತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತುತ್ತಾ ರೋಗಿಗಳಿಗೆ ಉಸಿರು ತುಂಬಿದರು. ತೀವ್ರ ನಿಗಾ ಘಟಕದ (ಐಸಿಯು) ಹುಟ್ಟು ಅಲ್ಲಿಂದ. ಮರುವರ್ಷ, 1953ರಲ್ಲಿ, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಅದರ ವಿದ್ಯಾರ್ಥಿಗಳು 1848ರಿಂದ ಇರುವ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಕೆಲಸ ಕಲಿಯತೊಡಗಿದರು. 1967ರಲ್ಲಿ ಅಮೆರಿಕದ ವೈದ್ಯರು, ಕಾರಣ ಯಾವುದೇ ಇರಲಿ, ಶ್ವಾಸಕೋಶಕ್ಕೆ ನೀರು ತುಂಬಿ ಆಮ್ಲಜನಕ ಒಳಗಿಳಿಯದ ಸ್ಥಿತಿಯನ್ನು 12 ರೋಗಿಗಳಲ್ಲಿ ಗುರುತಿಸಿ ಬರೆದರು. ಇಂದು ಎಆರ್‌ಡಿಎಸ್ ಎನ್ನುವುದು ಅದನ್ನೇ. 2000ದಲ್ಲಿ, ವೆಂಟಿಲೇಟರ್ ಒಮ್ಮೆಗೆ ತಳ್ಳುವ ಗಾಳಿಯನ್ನು ಕಡಿಮೆ ಮಾಡಿದರೆ ಸಾವು ಸುಮಾರು ಶೇ 40ರಿಂದ 31ಕ್ಕೆ ಇಳಿಯುತ್ತದೆ ಎಂದು ಗೊತ್ತಾಯಿತು. ಹೀಗೆ ಬದುಕುಳಿಯುವವರ ಸಂಖ್ಯೆ ಏರುತ್ತಾ ಹೋಯಿತು. ಅವರು ಮನೆಗೆ ಹೋಗಿ ಏನಾದರು?

ಅದನ್ನು ಹಠ ಹಿಡಿದು ನೋಡಿದವರು ಟೊರೊಂಟೊದ ವೈದ್ಯೆ ಮಾರ್ಗರೆಟ್ ಹೆರಿಜ್. ಎಆರ್‌ಡಿಎಸ್‌ನಿಂದ ಪಾರಾದ 109 ಜನರನ್ನು ಅವರ ತಂಡ ವರ್ಷಕಾಲ ಹಿಂಬಾಲಿಸಿ 2003ರಲ್ಲಿ ವರದಿ ಮಾಡಿತು. ಐಸಿಯುನಿಂದ ಹೊರಬರುವಾಗ ಅವರ ದೇಹದ ತೂಕ ಸರಾಸರಿ ಶೇ 18ರಷ್ಟು ಇಳಿದಿತ್ತು. ಒಂದು ವರ್ಷವಾದರೂ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಆರೋಗ್ಯವಂತರ ಮೂರನೇ ಎರಡು ಪಾಲು ಮಾತ್ರ; ಕೆಲಸಕ್ಕೆ ಮರಳಿದವರು ಶೇ 49. ಐದು ವರ್ಷದ ನಂತರ ಮತ್ತೆ ನೋಡಿದಾಗ ಶ್ವಾಸಕೋಶದ ಪರೀಕ್ಷೆಗಳು ಹೆಚ್ಚುಕಡಿಮೆ ಸಹಜಕ್ಕೆ ಬಂದಿದ್ದವು, ನಡಿಗೆ ಮಾತ್ರ ಶೇ 76ಕ್ಕೇ ನಿಂತಿತ್ತು. ಇಡೀ ವಿಷಯದ ಕೀಲಿ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಕಾಯಿಲೆ ಶ್ವಾಸಕೋಶದ್ದು, ಆದರೆ ತಿಂಗಳುಗಟ್ಟಲೆ ಕಾಡುವುದು ಸ್ನಾಯು, ನರ, ನಿದ್ದೆ, ಮನಸ್ಸು. 2012ರಲ್ಲಿ ಇದಕ್ಕೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರೂ ಬಂತು. ಅಂದರೆ ಕೋವಿಡ್ ಬರುವುದಕ್ಕೆ ಎಂಟು ವರ್ಷ ಮೊದಲೇ, 2009ರ ಎಚ್‌1ಎನ್‌1 ಹಂದಿಜ್ವರದ ಪಾಠವೂ ಮುಗಿದ ಮೇಲೆ, ಈ ತಿಳಿವಳಿಕೆ ಪುಸ್ತಕದಲ್ಲಿತ್ತು. ಪುಸ್ತಕದಿಂದ ಬಿಡುಗಡೆ ಚೀಟಿಗೆ ಇಳಿದಿರಲಿಲ್ಲ.

ಕರಾವಳಿಯ 2020 ಎಲ್ಲರಿಗೂ ನೆನಪಿದೆ. ವೆನ್ಲಾಕ್ ಕೋವಿಡ್ ಆಸ್ಪತ್ರೆಯಾಯಿತು, ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್‌ಗೆ ಬಿಟ್ಟುಕೊಡಲಾಯಿತು, ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿತು. ಜೂನ್‌ನಲ್ಲಿ ಬ್ರಿಟನ್ನಿನಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಸುದ್ದಿ ಬಂತು: ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುವ ಅಗ್ಗದ ಔಷಧ. 2021ರ ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹ್ರೇನ್‌ನಿಂದ ದ್ರವ ಆಮ್ಲಜನಕ ಹೊತ್ತು ನವ ಮಂಗಳೂರು ಬಂದರಿಗೆ ಬಂದಾಗ ನಮ್ಮ ಮಾವ ಐಸಿಯುನಲ್ಲಿದ್ದರು. ಆ ದಿನಗಳಲ್ಲಿ ಹಾಸಿಗೆ, ಸಿಲಿಂಡರ್, ಇಂಜೆಕ್ಷನ್ ಬಿಟ್ಟು ಬೇರೆ ಯಾವುದನ್ನೂ ಯೋಚಿಸುವ ಬಿಡುವು ಯಾರಿಗೂ ಇರಲಿಲ್ಲ. ಆ ಬಿಡುವಿಲ್ಲದ ಕೈಗಳೇ ಅವರನ್ನು ಉಳಿಸಿದವು. ಅದನ್ನು ಮರೆತು ಮುಂದಿನದನ್ನು ಬರೆಯುವುದು ತಪ್ಪಾಗುತ್ತದೆ.

ಮಾವ ಆಗ ಐವತ್ತೆರಡರ ಆಳು. ಉಡುಪಿ–ಮಂಗಳೂರು ಸರ್ವಿಸ್ ಬಸ್ಸಿನ ಕಂಡಕ್ಟರ್. ಉದ್ಯಾವರ, ಕಟಪಾಡಿ, ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಮುಕ್ಕ, ಸುರತ್ಕಲ್ ಎಂದು ಒಂದೇ ಉಸಿರಿಗೆ ಕೂಗುತ್ತಿದ್ದವರು. ಹದಿನಾಲ್ಕು ದಿನ ವೆಂಟಿಲೇಟರಿನಲ್ಲಿದ್ದು ಮನೆಗೆ ಬಂದಾಗ ಹದಿಮೂರು ಕಿಲೋ ಇಳಿದಿದ್ದರು. ಗಂಟಲಿಗೆ ಹಾಕಿದ ಕೊಳವೆಯಿಂದ ದನಿ ಒಡೆದಿತ್ತು. ‘ಕಟಪಾಡಿ’ ಎನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು.

ಕುಳಿತಾಗ ಆಕ್ಸಿಮೀಟರಿನಲ್ಲಿ ಆಮ್ಲಜನಕ 94. ಚಾವಡಿಯಿಂದ ತುಳಸಿಕಟ್ಟೆಯವರೆಗೆ ನಡೆದರೆ 86. ಬಾಡಿಗೆಗೆ ತಂದ ಆಮ್ಲಜನಕದ ಕಾನ್ಸಂಟ್ರೇಟರ್ ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು. ಮೊದಲ ಮಳೆಗೇ ಕರೆಂಟು ಹೋಗುವ ಊರು ನಮ್ಮದು. ಮರದ ಕೊಂಬೆ ತಂತಿಯ ಮೇಲೆ ಬಿದ್ದ ಒಂದು ರಾತ್ರಿ ಅತ್ತೆ ಬ್ಯಾಟರಿ ಲೈಟು ಹಿಡಿದುಕೊಂಡು ಸಿಲಿಂಡರಿನ ಮುಳ್ಳನ್ನೇ ನೋಡುತ್ತಾ ಬೆಳಗು ಮಾಡಿದರು. ಬಚ್ಚಲಿನ ಒಲೆಗೆ ತೆಂಗಿನ ಸಿಪ್ಪೆ ಹಾಕಿ ಹಂಡೆ ಕಾಯಿಸುವುದನ್ನು ನಿಲ್ಲಿಸಬೇಕೆಂದು ನಮಗೆ ಹೊಳೆದದ್ದೇ ಮೂರು ವಾರದ ಮೇಲೆ, ಹೊಗೆ ಒಳನುಗ್ಗಿದಾಗಲೆಲ್ಲ ಕೆಮ್ಮು ಏರುತ್ತಿದೆ ಎಂದು ಕಂಡ ನಂತರ.

ಊಟದ ವಿಷಯದಲ್ಲಿ ನಾವು ಮಾಡಿದ ತಪ್ಪು ಇನ್ನೂ ದೊಡ್ಡದು. ಕಾಯಿಲೆ ಎಂದರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ತಿಂಗಳೊಪ್ಪತ್ತು ಅದನ್ನೇ ಕೊಟ್ಟೆವು. ಐಸಿಯುನಲ್ಲಿ ಮಲಗಿದವರ ತೊಡೆಯ ಸ್ನಾಯು ಹತ್ತು ದಿನದಲ್ಲಿ ಶೇ 18ರಷ್ಟು ಕರಗುತ್ತದೆ ಎಂದು 2013ರಲ್ಲೇ ಅಳೆದು ತೋರಿಸಿದ್ದರು. ಜೀವ ಉಳಿಸುವ ಸ್ಟೀರಾಯ್ಡ್ ಕೂಡ ಸ್ನಾಯುವನ್ನು ಸೊರಗಿಸುತ್ತದೆ. ಹಾಗೆ ಕರಗಿದ ದೇಹ ಕೇಳುವುದು ಮೊಟ್ಟೆ, ಮೀನು, ಹೆಸರು, ಹುರುಳಿ, ಮೊಸರನ್ನು. ಗಂಜಿ ಹೊಟ್ಟೆಗೆ ಹಿತ, ಕಾಲಿಗೆ ಸಾಲದು. ಬಾಣಂತಿಗೆ ನಲವತ್ತು ದಿನ ಏನು ತಿನ್ನಿಸಬೇಕು, ಯಾವಾಗ ಎಬ್ಬಿಸಬೇಕು, ಎಷ್ಟು ಓಡಾಡಿಸಬೇಕು ಎಂಬುದು ನಮ್ಮ ಮನೆಯ ಹೆಂಗಸರಿಗೆ ಬಾಯಿಪಾಠ. ವೆಂಟಿಲೇಟರಿನಿಂದ ಬಂದವರಿಗೆ ಅಂಥ ಒಂದು ಕ್ರಮವನ್ನು ಯಾರೂ ಕಲಿಸಿಕೊಟ್ಟಿರಲಿಲ್ಲ.

ಕಲಿಸಿಕೊಟ್ಟವಳು ಪಕ್ಕದ ಮನೆಯ ಹುಡುಗಿ. ಫಿಸಿಯೋಥೆರಪಿ ಓದುತ್ತಿದ್ದಳು, ಲಾಕ್‌ಡೌನ್ ಎಂದು ಊರಿಗೆ ಬಂದಿದ್ದಳು. ಮಾವ ಉಸಿರಿನ ವ್ಯಾಯಾಮದ ಮೂರು ಚೆಂಡಿನ ಉಪಕರಣವನ್ನು ಹೊತ್ತುಹೊತ್ತಿಗೆ ಎಳೆಯುತ್ತಿದ್ದುದನ್ನು ನೋಡಿ, “ಅಂಕಲ್, ಅದು ಇರಲಿ. ಚೆಂಡು ಮೇಲೆ ಹೋದರೆ ಕಾಲಿಗೆ ಬಲ ಬರುವುದಿಲ್ಲ, ಏಳಿ” ಎಂದಳು. ಕುರ್ಚಿಯಿಂದ ಕೈ ಊರದೆ ಐದು ಸಲ ಏಳುವುದು, ಕೂರುವುದು. ಏಳುವಾಗ ಬಿಸಿ ಗಂಜಿ ಆರಿಸುವ ಹಾಗೆ ತುಟಿ ಚೂಪು ಮಾಡಿ ಮೆಲ್ಲಗೆ ಊದುವುದು. ಅಂಗಳದಲ್ಲಿ ಹಗ್ಗ ಹಿಡಿದು ಹದಿನೈದು ಮೀಟರ್ ಅಳೆದು ಗುರುತು ಹಾಕಿ, ಆರು ನಿಮಿಷದಲ್ಲಿ ಎಷ್ಟು ಸುತ್ತು ಎಂದು ಬರೆದಿಡುವುದು. ಆಸ್ಪತ್ರೆಗಳಲ್ಲಿ ಮೂವತ್ತು ಮೀಟರಿನ ಕಾರಿಡಾರಿನಲ್ಲಿ ಮಾಡುವ ಪರೀಕ್ಷೆಯದು. ಆಕ್ಸಿಮೀಟರಿನ ಅಂಕಿ 88ಕ್ಕೆ ಬಂದರೆ ನಿಲ್ಲಬೇಕೆಂದು ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು. ಆ ಲೆಕ್ಕದ ಪುಸ್ತಕವೂ ಈಗ ಅದೇ ಕವರಿನೊಳಗಿದೆ. ಅವಳು ಮಾಡಿಸಿದ್ದು ಹೊಸ ವಿದ್ಯೆಯಲ್ಲ. ಶ್ವಾಸಕೋಶದ ಪುನಶ್ಚೇತನ ಎಂದು ವಾರಕ್ಕೆ ಎರಡು ಮೂರು ಸಲದಂತೆ ಆರರಿಂದ ಎಂಟು ವಾರ ನಡೆಸುವ ಕಾರ್ಯಕ್ರಮವನ್ನು ಹಳೆಯ ದಮ್ಮು ಕಾಯಿಲೆಯವರಿಗೆ ದಶಕಗಳಿಂದ ಕೊಡುತ್ತಾ ಬಂದಿದ್ದಾರೆ. ಹಳ್ಳಿಯ ಮನೆಗೆ ಅದು ತಲುಪುವುದು ಮಾತ್ರ ಅದೃಷ್ಟದ ಮಾತಾಗಿ ಉಳಿದಿದೆ.

ಇನ್ನು ಫೈಬ್ರೋಸಿಸ್ ಎಂಬ ಭಯ. ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಅದರ ಗೋಡೆಯಲ್ಲಿರುವ ಒಂದು ಬಗೆಯ ಜೀವಕೋಶ ಎರಡು ಕೆಲಸ ಮಾಡುತ್ತದೆ: ಗೂಡು ಮುಚ್ಚಿಕೊಳ್ಳದಂತೆ ಜಾರುವ ಲೇಪ ತಯಾರಿಸುವುದು, ಗೋಡೆ ಕೆಟ್ಟರೆ ಹೊಸ ಜೀವಕೋಶವಾಗಿ ಬದಲಾಗಿ ತೇಪೆ ಹಾಕುವುದು. ವೈರಸ್ ಹೊಡೆಯುವುದು ಇದನ್ನೇ. ತೇಪೆ ಸರಿಯಾಗಿ ಬಿದ್ದರೆ ಗೋಡೆ ಮತ್ತೆ ತೆಳುವಾಗುತ್ತದೆ. ಬೀಳದ ಕಡೆ ಕಲೆ ಉಳಿದು ಗಡುಸಾಗುತ್ತದೆ. ಮೊದಲ ತಿಂಗಳ ಸ್ಕ್ಯಾನಿನಲ್ಲಿ ಕಾಣುವ ಮಬ್ಬಿನಲ್ಲಿ ಕಲೆ ಯಾವುದು, ಇನ್ನೂ ಆರದ ಉರಿಯೂತ ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ಬ್ರಿಟನ್ನಿನ ತಜ್ಞರು 2020ರಲ್ಲೇ, 12 ವಾರ ಕಾದು ಚಿತ್ರ ತೆಗೆಯಿರಿ ಎಂದಿದ್ದರು. ನಮ್ಮಲ್ಲಿ 25ಕ್ಕೆ ಇಷ್ಟು ಎಂಬ ಸಿಟಿ ಸ್ಕೋರ್ ಪರೀಕ್ಷೆಯ ಅಂಕದಂತೆ ಬಾಯಿಂದ ಬಾಯಿಗೆ ಹರಡಿತು. ಪಿರ್ಫೆನಿಡೋನ್ ಎಂಬ ದುಬಾರಿ ಮಾತ್ರೆ ಎಷ್ಟೋ ಮನೆಗಳಿಗೆ ಬಂತು. ಅದು ಬೇರೊಂದು ಬಗೆಯ ಫೈಬ್ರೋಸಿಸ್‌ಗೆ ಇರುವ ಔಷಧ. ಕೋವಿಡ್ ನಂತರದ ಗಾಯಕ್ಕೆ ಉಪಯೋಗವಿದೆ ಎಂಬ ಗಟ್ಟಿ ಆಧಾರ ಆಗ ಇರಲಿಲ್ಲ. ಹೆದರಿದ ಮನೆಯವರು ಕೇಳಿದರು, ಕೈಯಲ್ಲಿ ಬೇರೇನೂ ಇಲ್ಲದವರು ಬರೆದರು. ನಮ್ಮ ಮಾವನ ಮೂರು ಸ್ಕ್ಯಾನ್‌ಗಳನ್ನು ಬೆಳಕಿಗೆ ಹಿಡಿದರೆ ಮೇ ತಿಂಗಳ ಬಿಳಿ ಮೋಡ ಡಿಸೆಂಬರಿನಲ್ಲಿ ತೆಳ್ಳಗಾಗಿ, ಮರುವರ್ಷ ಕೆಳಗಿನ ಅಂಚಿನಲ್ಲಿ ಒಂದೆರಡು ಗೆರೆಗಳಾಗಿ ಉಳಿದದ್ದು ಕಾಣುತ್ತದೆ.

ಈ ನಡುವೆ ಇನ್ನೊಂದು ಗೊಂದಲ ಸೇರಿಕೊಂಡಿತು. ಆಸ್ಪತ್ರೆಯನ್ನೇ ನೋಡದ, ಮನೆಯಲ್ಲೇ ನಾಲ್ಕು ದಿನ ಜ್ವರ ಬಂದುಹೋದವರೂ ತಿಂಗಳುಗಟ್ಟಲೆ ನಿತ್ರಾಣ ಎಂದರು. ‘ಲಾಂಗ್ ಕೋವಿಡ್’ ಆ ರೋಗಿಗಳೇ ಇಟ್ಟುಕೊಂಡ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು: ಕಾಯಿಲೆ ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾರಣವಿಲ್ಲದ ಲಕ್ಷಣಗಳು. ಈ ವ್ಯಾಖ್ಯೆಯೊಳಗೆ ಮಾವನೂ ಬರುತ್ತಾರೆ, ಮನೆಯಲ್ಲೇ ಗುಣವಾದ ಒಬ್ಬ ಶಿಕ್ಷಕಿಯೂ ಬರುತ್ತಾರೆ. ಆದರೆ ಇಬ್ಬರ ದಾರಿ ಬೇರೆ. ಸ್ನಾಯು ಕರಗಿದವರು ದಿನದಿನಕ್ಕೆ ನಡಿಗೆ ಹೆಚ್ಚಿಸಬೇಕು. ಸ್ವಲ್ಪ ಶ್ರಮಕ್ಕೇ ಮರುದಿನ ಹಾಸಿಗೆ ಹಿಡಿಯುವವರನ್ನು ಹಾಗೆ ದೂಡಿದರೆ ಇನ್ನಷ್ಟು ಕೆಡುತ್ತಾರೆ; ಅವರು ಶಕ್ತಿಯನ್ನು ಅಳೆದು ಖರ್ಚು ಮಾಡಬೇಕು. ‘ದಿನಾ ವಾಕಿಂಗ್ ಮಾಡಿ’ ಎಂದು ಇಬ್ಬರಿಗೂ ಒಂದೇ ಮಾತು ಹೇಳಿದ್ದರಿಂದ ಆದ ನೋವು ಸಣ್ಣದಲ್ಲ.

ಕಾಗದದ ಮೇಲೆ ಎಲ್ಲವೂ ಇದೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರಿನಲ್ಲೇ ಕೋವಿಡ್ ನಂತರದ ಆರೈಕೆಯ ಸೂಚನೆ ಹೊರಡಿಸಿತು. ಯೋಗ, ಪ್ರಾಣಾಯಾಮ, ನಿತ್ಯ ನಡಿಗೆ, ಚ್ಯವನಪ್ರಾಶ ಅದರಲ್ಲಿದ್ದವು. 2021ರ ಅಕ್ಟೋಬರಿನಲ್ಲಿ ಇನ್ನೂ ವಿಸ್ತಾರವಾದ ಮಾರ್ಗಸೂಚಿ ಬಂತು. ಹಣದ ಲೆಕ್ಕ ಮಾತ್ರ ಹಳೆಯದೇ. ಆಯುಷ್ಮಾನ್ ಯೋಜನೆ ಬಿಡುಗಡೆಯ ನಂತರದ 15 ದಿನದ ಖರ್ಚನ್ನು ನೋಡಿಕೊಳ್ಳುತ್ತದೆ. ಹೆರಿಜ್ ಅವರ ರೋಗಿಗಳಿಗೆ ಒಂದು ವರ್ಷವೂ ಸಾಲಲಿಲ್ಲ. ಆಸ್ಪತ್ರೆಗೆ ರೋಗಿ ಮನೆಗೆ ಹೋದರೆ ಗುಣ, ಯೋಜನೆಗೆ ಬಿಲ್ಲು ಮುಗಿದರೆ ಗುಣ. ಉಳಿದ ಹನ್ನೊಂದೂವರೆ ತಿಂಗಳು ಹೆಚ್ಚಾಗಿ ಬೀಳುವುದು ಮನೆಯ ಒಬ್ಬ ಹೆಂಗಸಿನ ಮೇಲೆ. ನಮ್ಮ ಅತ್ತೆ ಬೀಡಿ ಕಟ್ಟುವುದನ್ನು ಆ ವರ್ಷ ಪೂರ್ತಿ ಬಿಟ್ಟರು. ಅದು ಯಾವ ಲೆಕ್ಕದಲ್ಲೂ ಬರಲಿಲ್ಲ.

2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾವ ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದರು, ಬಸ್ಸಿಗಲ್ಲ. ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು, ಇಳಿದು, ಹತ್ತಿ ಮಾಡುವ ಕೆಲಸಕ್ಕೆ ಉಸಿರು ಒಪ್ಪಲಿಲ್ಲ. ಮಾಲೀಕರು ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಮಾಡಿದರು. ಸಂಬಳ ಕಡಿಮೆ, ಕುರ್ಚಿ ಇದೆ. ಅಂಗಳದ ಆಟ ಈಗಲೂ ಬಿಟ್ಟಿಲ್ಲ. ಕಳೆದ ಆಟಿ ತಿಂಗಳಲ್ಲಿ ಮಳೆ ಬಿಟ್ಟ ಒಂದು ಸಂಜೆ ಹೋಗಿದ್ದಾಗ, ಸುತ್ತು ಮುಗಿಸಿ ತುಳಸಿಕಟ್ಟೆ ಹಿಡಿದು ನಿಂತು ತಾವಾಗಿಯೇ ಶುರು ಮಾಡಿದರು. ಉದ್ಯಾವರ, ಕಟಪಾಡಿ, ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ. ಅಲ್ಲಿ ನಿಲ್ಲಿಸಿ, ತುಟಿ ಚೂಪು ಮಾಡಿ ಉಸಿರು ಬಿಟ್ಟು, “ಮೂಲ್ಕಿಗೆ ಇನ್ನೊಂದು ಉಸಿರು ಬೇಕು” ಎಂದರು.