ಬಿಳಿ ಹೋಗುವುದೆಲ್ಲ ಕಾಯಿಲೆಯಲ್ಲ

‘ಬಿಳಿ ಹೋಗ್ತಿದೆ, ಉಷ್ಣ ಆಗಿರ್ಬೇಕು, ಮೂಳೆ ಕರಗ್ತಿದೆಯೇನೋ.’ ಮಂಡ್ಯ, ಮೈಸೂರು ಕಡೆ ಹೆಣ್ಣುಮಕ್ಕಳು ದನಿ ತಗ್ಗಿಸಿ ಹೇಳುವ ಮಾತಿದು. ಮೂಳೆಗೂ ಈ ಬಿಳುಪಿಗೂ ಸಂಬಂಧವಿಲ್ಲ. ಗರ್ಭಕೋಶದ ಬಾಯಿಯಲ್ಲಿ ಒಸರುವ ಲೋಳೆ ಮತ್ತು ಯೋನಿಯ ಗೋಡೆಯಿಂದ ಉದುರಿದ ಹಳೆಯ ಜೀವಕೋಶಗಳು ಸೇರಿ ಹೊರಬರುವುದೇ ಬಿಳಿ ಸೆರಗು. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುವ ಬಗೆ ಅದು. ದಿನಕ್ಕೆ ಅರ್ಧದಿಂದ ಒಂದು ಟೀ ಚಮಚದಷ್ಟು ಹೋಗುವುದು ಸಹಜ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ 14ನೇ ದಿನದ ಆಸುಪಾಸು ಅದು ಮೊಟ್ಟೆಯ ಬಿಳಿಯಂತೆ ಎಳೆ ಎಳೆಯಾಗಿ, ಆಮೇಲೆ ಗಟ್ಟಿಯಾಗುತ್ತದೆ. ಬಸುರಿಯರಲ್ಲಿ ಹೆಚ್ಚು. ಬಟ್ಟೆಯ ಮೇಲೆ ಒಣಗಿದಾಗ ತಿಳಿಹಳದಿ ಕಲೆ ಉಳಿದರೂ ಗಾಬರಿ ಬೇಡ.

ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳಿವೆ. ಹಾಲನ್ನು ಹುಳಿ ಮಾಡುವ ಬಳಗದವೇ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.8ರಿಂದ 4.5ರೊಳಗೆ ಇಡುತ್ತವೆ; ಆ ಹುಳಿಯಲ್ಲಿ ಕೆಟ್ಟ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಮೈಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಸೋಪು, ಡೆಟಾಲ್, ಉಪ್ಪುನೀರು ಹಾಕಿ ಒಳಗೆ ತೊಳೆದರೆ ಕಾವಲಿಗಿದ್ದವೇ ಸಾಯುತ್ತವೆ. ವಾಸನೆ ಹೋಗಲೆಂದು ತೊಳೆದವರಿಗೆ ವಾಸನೆ ಹೆಚ್ಚುವುದು ಹೀಗೆ. ಹಾಗೆಂದು ಮೊಸರನ್ನೂ ಒಳಗೆ ಹಚ್ಚಬೇಡಿ.

ಬರಿಯ ನೀರು ಸಾಕು. ದಿನಕ್ಕೆ ಒಂದೆರಡು ಸಲ, ಹೊರಗಿನ ಮಡಿಕೆಗಳನ್ನಷ್ಟೇ, ಮುಂದಿನಿಂದ ಹಿಂದಕ್ಕೆ ತೊಳೆದು ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಬೆರಳು ಒಳಗೆ ಹೋಗಬೇಕಿಲ್ಲ. ನಾಟಿ ಮಾಡಿ ಬಂದ ಮೇಲೆ ಒದ್ದೆ ಲಂಗದಲ್ಲೇ ಅಡುಗೆಗೆ ನಿಲ್ಲಬೇಡಿ. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಿ.

ಒಳಉಡುಪನ್ನು ಸೀರೆಯಡಿ ಬಚ್ಚಿಟ್ಟು ಒಣಗಿಸುವ ರೂಢಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಯಾರು ನೋಡಿದರೆ ಏನು? ಅದೂ ಬಟ್ಟೆಯೇ. ಅರೆಬರೆ ಒಣಗಿದ್ದನ್ನು ತೊಟ್ಟರೆ ತೇವ ನಿಂತು ಚರ್ಮ ಕೆರಳುತ್ತದೆ, ಫಂಗಸ್‌ಗೂ ಅನುಕೂಲವಾಗುತ್ತದೆ. ಹತ್ತಿಯದನ್ನು ಆರಿಸಿ, ಬಿಸಿಲಿಗೆ ಹರವಿ.

ಇನ್ನು ಕಾಯಿಲೆಯ ಗುರುತುಗಳು. ಒಡೆದ ಹಾಲಿನ ಗಟ್ಟಿಯಂತೆ ಬಿದ್ದು ವಿಪರೀತ ತುರಿಸಿದರೆ ಬಹುಮಟ್ಟಿಗೆ ಫಂಗಸ್. ಬೂದು ಬಣ್ಣದ ತೆಳು ಸ್ರಾವಕ್ಕೆ ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದೆ. ಹಸಿರು ಹಳದಿ ನೊರೆಯಿದ್ದರೆ ಟ್ರೈಕೊಮೊನಾಸ್ ಎಂಬ, ಕೂಡುವುದರಿಂದ ಅಂಟುವ ಸೂಕ್ಷ್ಮಜೀವಿ ಇರಬಹುದು. ಅದಾದರೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಮತ್ತೆ ಅಂಟುತ್ತದೆ. ಫಂಗಸ್‌ಗೆ ಕೊಡುವ ಔಷಧಿ ಉಳಿದೆರಡಕ್ಕೆ ನಾಟದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಒಂದೇ ಕ್ರೀಮು ಎಲ್ಲಕ್ಕೂ ಆಗದು. ಫಂಗಸ್ ಮೇಲಿಂದ ಮೇಲೆ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಕೆಳಹೊಟ್ಟೆ ನೋವಿನ ಜೊತೆ ಜ್ವರ, ಕೂಡಿದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬೇಡಿ.

ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲೂ ಸ್ತ್ರೀರೋಗ ವಿಭಾಗವಿದೆ. ಹೋಗುವಾಗ ಕೊನೆಯ ಮುಟ್ಟಿನ ದಿನಾಂಕ, ಸ್ರಾವದ ಬಣ್ಣ, ಎಷ್ಟು ದಿನದಿಂದ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಿಬಿಟ್ಟು ಹೇಳಲಾಗದಿದ್ದರೆ ಆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ.