ಕಾರ್ಬೊರೇಟರ್ ಬಿಚ್ಚುವ ಮುಂಚೆ

ಹಳೆ ಪೆಟ್ರೋಲ್ ಗಾಡಿ ಮಿಸ್ ಹೊಡೆದರೆ ಎಲ್ಲರೂ ಬೈಯುವುದು ಕಾರ್ಬೊರೇಟರನ್ನು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗವನ್ನು. ಶಿರಸಿ, ಸಿದ್ದಾಪುರದ ಕಡೆ ತೋಟಕ್ಕೆ ಗೊಬ್ಬರ ಹೊರಲು, ಅಡಿಕೆ ಸಾಗಿಸಲು ಹಿಂದೆ ಬಾಡಿ ಕಟ್ಟಿಸಿಕೊಂಡ ಹಳೆ ಜೀಪುಗಳು ಇನ್ನೂ ಇವೆ. ಹೆಚ್ಚಿನವು ಯಾವಾಗಲೋ ಡೀಸೆಲ್ ಎಂಜಿನ್ ಹಾಕಿಸಿಕೊಂಡವು. ಹಳೆಯ ನಾಲ್ಕು ಸಿಲಿಂಡರಿನ ಹರಿಕೇನ್ ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡವರು ಕೆಲವರು. ಅವರ ಗಾಡಿ ಗ್ಯಾರೇಜಿಗೆ ಬಂದಾಗ ಮೊದಲ ಮಾತು ಒಂದೇ: "ಕಾರ್ಬೊರೇಟರ್ ಒಂದ್ಸಲ ಬಿಚ್ಚಿ ತೊಳೆದುಬಿಡು ಮಾರಾಯಾ."

ನಾನು ತಕ್ಷಣ ಬಿಚ್ಚುವುದಿಲ್ಲ. ಬಿಚ್ಚಿದರೆ ಗ್ಯಾಸ್ಕೆಟ್ ಹರಿಯುತ್ತದೆ, ಸ್ಕ್ರೂವಿನ ಥ್ರೆಡ್ ಸವೆಯುತ್ತದೆ, ಸರಿಯಾಗಿದ್ದ ಸೆಟ್ಟಿಂಗೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಜಿಲ್ಲೆಯ ಮಳೆ, ಉಪ್ಪು ಗಾಳಿ ಮತ್ತು ಘಟ್ಟದಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಕಾರ್ಬೊರೇಟರಿನ ಹೊರಗೇ ಹುಟ್ಟುತ್ತವೆ.

ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿಗೆ ಮೊದಲು ಪ್ಲಗ್ ಬಿಚ್ಚಿ ಕರೆಂಟ್, ಅಂದರೆ ಕಿಡಿ, ಬರುತ್ತದೆಯೇ ನೋಡಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ತೇವ ಕೂತಿದ್ದರೆ ಕಿಡಿ ಎಲ್ಲೆಲ್ಲೋ ಹಾರುತ್ತದೆ. ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು. ಕತ್ತಲಾದ ಮೇಲೆ ಬಾನೆಟ್ ಎತ್ತಿ ಎಂಜಿನ್ ಓಡಿಸಿ ದೂರದಿಂದ ನೋಡಿ. ಹಳೆ ವೈರಿನಿಂದ ಕಿಡಿ ಸೋರುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಹರಿಕೇನ್ ಎಂಜಿನ್ನಿಗೆ ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರೊಳಗೆ ಕರೆಂಟ್ ಕಡಿದು ಕೂಡಿಸುವ ತುದಿಗಳ ಸಂದು) ಸುಮಾರು 0.5 ಮಿಲಿಮೀಟರ್, ಪ್ಲಗ್ ಗ್ಯಾಪ್ ಸುಮಾರು 0.75 ಮಿಲಿಮೀಟರ್ ಇರಬೇಕು. ಇದನ್ನು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ.

ಬಿಚ್ಚಿದ ಪ್ಲಗ್ಗನ್ನು ಸುಮ್ನೆ ಒರೆಸಿ ಹಾಕಬೇಡಿ, ಅದು ಬಹಳ ವಿಷಯ ಹೇಳುತ್ತದೆ. ತುದಿ ತಿಳಿ ಕಂದು ಬಣ್ಣವಿದ್ದರೆ ಪೆಟ್ರೋಲ್-ಗಾಳಿ ಮಿಕ್ಸ್ಚರ್ ಸರಿಯಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಮಸಿ ಕಂಡ ಕೂಡಲೇ ಜೆಟ್ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಬದಲಿಸುವ ಮುಂಚೆ ಏರ್ ಫಿಲ್ಟರ್ ನೋಡಿ. ನಮ್ಮ ಕೆಂಪು ಮಣ್ಣಿನ ರಸ್ತೆಯಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ಹಳೆ ಜೀಪಿನದು ಆಯಿಲ್ ತುಂಬುವ ಫಿಲ್ಟರ್. ಅದರಲ್ಲಿ ಗೆರೆಗಿಂತ ಮೇಲೆ ಆಯಿಲ್ ಹಾಕಿದರೆ ಗಾಳಿಗೆ ದಾರಿಯಿಲ್ಲ, ಎಂಜಿನ್ ಆ ಆಯಿಲನ್ನೇ ಎಳೆದುಕೊಳ್ಳುತ್ತದೆ. ಚೋಕ್ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ನಿಂತಿದ್ದರೂ ಕಪ್ಪು ಹೊಗೆಯೇ.

ಇನ್ನು ಪೆಟ್ರೋಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು.

ಗಾಡಿ ನಾಲ್ಕಾರು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಹೀಗಾದರೆ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ನುಗ್ಗಿದರೆ ತೊಂದರೆ ಅಲ್ಲೇ ಸಿಕ್ಕಿತು. ಮುಚ್ಚಳದ ಸಣ್ಣ ಗಾಳಿತೂತು ಮುಚ್ಚಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪ್ ಎಳೆಯುವುದಾದರೂ ಏನನ್ನು? ಮಳೆನೀರು ಹೋಗಬಾರದೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟುವವರಿಗೆ ಈ ತೊಂದರೆ ಖಂಡಿತ ಬರುತ್ತದೆ. ನೀರಿನ ಭಯವಿದ್ದರೆ ಮುಚ್ಚಳದ ವಾಷರ್ ಬದಲಿಸಿ, ತೂತು ಮಾತ್ರ ಮುಚ್ಚಬೇಡಿ.

ಮುಂದಿನದು ಎಸಿ ಪಂಪ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ಕಳಿಸುವ ಪಂಪ್. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರ್ ತೆಗೆದು ಬಾಡಿಗೆ ಗಟ್ಟಿಯಾಗಿ ಅರ್ಥ್ ಮಾಡಿ, ಕಿಡಿ ಹಾರಬಾರದು. ಎಂಜಿನ್ ತಣ್ಣಗಿರಲಿ. ಕಾರ್ಬೊರೇಟರಿಗೆ ಬರುವ ಪೈಪು ಬಿಚ್ಚಿ ಅದರ ತುದಿಯನ್ನು ಬಾಟಲಿಯೊಳಗೆ ಇಟ್ಟು ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಒಂದೇ ಸಮನಾಗಿ ಚಿಮ್ಮಿ ಚಿಮ್ಮಿ ಬರಬೇಕು. ಸೊರಗಿ ಬಂದರೆ ಪಂಪಿನ ಡಯಾಫ್ರಾಮ್ ಹೋಗಿರಬಹುದು, ಇಲ್ಲವೇ ಟ್ಯಾಂಕಿನ ತುಕ್ಕು ಪೈಪಿನಲ್ಲಿ ಸಿಕ್ಕಿರಬಹುದು. ಗುಳ್ಳೆ ಗುಳ್ಳೆಯಾಗಿ ಬಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ.

ಆ ಬಾಟಲಿಯ ಪೆಟ್ರೋಲನ್ನು ಚೆಲ್ಲಬೇಡಿ. ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆಯೇ ಒಂದು ಪದರ ಅಥವಾ ಹನಿಗಳು ಕಂಡರೆ ನೀರು ಸೇರಿದೆ. ಕಾರವಾರ, ಅಂಕೋಲೆ, ಕುಮಟೆ ಕಡೆಯ ಗಾಡಿಗಳಲ್ಲಿ ಇದು ಜಾಸ್ತಿ. ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ತೇವದ ಗಾಳಿ ತಣಿದು ನೀರಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲ್, ಈಗ ನಮ್ಮ ಬಂಕುಗಳಿಗೂ ಬಂದಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹೀರಿದ್ದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳದಿಂದ ಎಳೆಯುವ ಎಂಜಿನ್ನಿಗೆ ಮೊದಲು ಸಿಗುವುದು ಅದೇ. ಇಂಥ ಗಾಡಿಯ ಕಾರ್ಬೊರೇಟರ್ ಎಷ್ಟು ಸಲ ತೊಳೆದರೂ ಮತ್ತೆ ಅದೇ ಗೋಳು. ಟ್ಯಾಂಕ್ ಇಳಿಸಿ ಖಾಲಿ ಮಾಡಿ ಒಣಗಿಸಲೇಬೇಕು. ಹಳೆ ರಬ್ಬರ್ ಪೈಪುಗಳೂ ಎಥನಾಲಿಗೆ ಉಬ್ಬಿ ಒಳಗಿಂದ ಚೂರಾಗುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿ, ಪಂಪಿನ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಕೂರಿಸಿ.

ಬೇಸಿಗೆಯಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಲೋಡ್ ಹಾಕಿ ಹತ್ತುವಾಗ ನಿಲ್ಲುವ ಗಾಡಿಯ ಕಥೆ ಬೇರೆ. ನಿಧಾನ ಗೇರಿನಲ್ಲಿ ಗಾಳಿ ಸಾಲದೆ ಬಾನೆಟ್ ಒಳಗೆ ಕಾವು ಏರುತ್ತದೆ. ಸೈಲೆನ್ಸರ್ ಕಡೆಯ ಬಿಸಿಗೆ ಹತ್ತಿರವಿರುವ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ದ್ರವ ಎಳೆಯಬೇಕಾದ ಪಂಪಿಗೆ ಆವಿ ಸಿಕ್ಕರೆ ಕೆಲಸ ನಡೆಯುವುದಿಲ್ಲ. ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಮನೆಗೆ ಬಂದ ಮೇಲೆ ಪೈಪಿನ ದಾರಿಯನ್ನು ಬಿಸಿಯಿಂದ ದೂರ ಮಾಡಿಸಿ. ತಿರುವಿನಲ್ಲಿ, ಕಡಿದಾದ ಏರಿನಲ್ಲಿ ಮಾತ್ರ ಮುಗ್ಗರಿಸಿ ಸಪಾಟಿನಲ್ಲಿ ಸರಿಹೋಗುವ ಗಾಡಿಗೆ ಈ ಮದ್ದು ನಾಟದು. ಅಲ್ಲಿ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಲೆವೆಲ್ ತಪ್ಪಿರಬಹುದು. ಗಾಡಿ ವಾಲಿದಾಗ ಜೆಟ್ಟಿಗೆ ಪೆಟ್ರೋಲ್ ಎಟಕುತ್ತಿಲ್ಲ, ಇಲ್ಲವೇ ತುಂಬಿ ಚೆಲ್ಲುತ್ತಿದೆ.

ಇಷ್ಟೆಲ್ಲ ನೋಡಿದ ಮೇಲೆ ಕಾರ್ಬೊರೇಟರಿಗೆ ಕೈ ಹಾಕೋಣ. ಆಗಲೂ ಬಿಚ್ಚದೆ ಮಾಡುವ ಎರಡು ಪರೀಕ್ಷೆಗಳಿವೆ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡುತ್ತಾ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಪೆಟ್ರೋಲ್ ತಕ್ಷಣ ಚಿಮ್ಮಬೇಕು. ಚಿಮ್ಮದಿದ್ದರೆ ಕಾಲು ಒತ್ತಿದಾಗ ಗಾಡಿ ಒಂದು ಕ್ಷಣ ಸತ್ತಂತಾಗಿ ಆಮೇಲೆ ಓಡುವುದಕ್ಕೆ ಕಾರಣ ಸಿಕ್ಕಿತು, ಆಕ್ಸಿಲರೇಟರ್ ಪಂಪ್ ಸೋತಿದೆ. ಎರಡನೆಯದು, ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಕಾರ್ಬೊರೇಟರ್ ಬುಡಕ್ಕೆ ಸೋಪಿನ ನೀರು ಸಿಂಪಡಿಸುವುದು. ಎಂಜಿನ್ ಶಬ್ದ ಬದಲಾದರೆ ಗ್ಯಾಸ್ಕೆಟ್ ಸಂದಿಯಿಂದ ಗಾಳಿ ಎಳೆಯುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಹಾಕಿ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬೇಡವೇ ಬೇಡ.

ಪೆಟ್ರೋಲ್ ಹೊರಗೆ ಸೋರುತ್ತಿದ್ದರೆ ಮಾತ್ರ ಬಿಚ್ಚದೆ ಗತಿಯಿಲ್ಲ. ನೀರಿನ ಟ್ಯಾಂಕಿನ ಬಾಲ್ ಹೇಗೋ ಇಲ್ಲಿನ ಫ್ಲೋಟ್ ಹಾಗೇ: ಮೇಲೆದ್ದು ನೀಡಲ್ ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಬೆಸುಗೆ ಹಾಕಿಸಿದರೆ ತೂಕ ಹೆಚ್ಚಿ ಲೆವೆಲ್ ತಪ್ಪುತ್ತದೆ, ಹೊಸದೇ ಹಾಕಿ. ನೀಡಲ್ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಸೀಟ್ ಸಮೇತ ಬದಲಿಸಿ.

ಜೆಟ್‌ಗಳಿಗೆ ತಂತಿ ಹಾಕಬೇಡಿ, ಕೈಮುಗಿದು ಹೇಳುತ್ತೇನೆ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಆಮೇಲೆ ಯಾವ ಟ್ಯೂನಿಂಗೂ ಕೂರುವುದಿಲ್ಲ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಅದಕ್ಕೂ ಬಿಡದಿದ್ದರೆ ಗಾಳ ಹಾಕುವ ತೆಳ್ಳನೆಯ ನೈಲಾನ್ ದಾರ ತೂರಿಸಿ.

ಮಿಕ್ಸ್ಚರ್ ಸ್ಕ್ರೂ ಕೊನೆಗೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಹಗುರವಾಗಿ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ, ಎಂಜಿನ್ ಅತಿ ನುಣ್ಣಗೆ ಓಡುವ ಜಾಗದಲ್ಲಿ ಬಿಡಿ. ಇ20 ಉರಿಯಲು ಹಳೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆ ಸೆಟ್ಟಿಂಗಿನಲ್ಲಿ ಗಾಡಿ ಸ್ವಲ್ಪ ಪೆಟ್ರೋಲ್ ಸಾಲದಂತೆ ಓಡುತ್ತದೆ, ಸ್ಕ್ರೂ ತುಸು ಹೆಚ್ಚು ಬಿಚ್ಚಬೇಕಾಗಬಹುದು. ಎಷ್ಟು ತಿರುಗಿಸಿದರೂ ಐಡ್ಲಿಂಗ್ ಒಂದೇ ಸಮನಾಗಿ ಬರದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಅದರ ಸಂದಿಯಿಂದಲೇ ಗಾಳಿ ನುಗ್ಗುತ್ತಿದೆ. ಅಂಗಡಿಯ ರಿಪೇರಿ ಕಿಟ್ ಇದನ್ನು ಸರಿಮಾಡುವುದಿಲ್ಲ. ಲೇತಿನವರ ಹತ್ತಿರ ಒಯ್ದು ಬುಷ್ ಹಾಕಿಸಿ, ಆಮೇಲೆ ಮತ್ತೆ ಟ್ಯೂನ್ ಮಾಡಿ.