ಕ್ಯಾಸಿನೊ ದುಡ್ಡಿನಿಂದ ಘರಪಟ್ಟಿ ಇಳಿಯುತ್ತಾ?

ಏಪ್ರಿಲ್ ಬಂತೆಂದರೆ ಕಾರವಾರದಲ್ಲಿ ಘರಪಟ್ಟಿಯ, ಅಂದರೆ ಮನೆ ತೆರಿಗೆಯ ಮಾತು ಶುರು. ಹೋದ ವರ್ಷಕ್ಕಿಂತ ಜಾಸ್ತಿ ಬಂತು, ಬೀದಿದೀಪ ಮಾತ್ರ ಹತ್ತೋದಿಲ್ಲ ಎಂಬ ಗೊಣಗಾಟದ ನಡುವೆ ಯಾರಾದರೊಬ್ಬರು ಗೋವಾದ ಹೆಸರು ಎತ್ತೇ ಎತ್ತುತ್ತಾರೆ. ಅಲ್ಲಿನ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳಲ್ಲಿ ಒಂದನ್ನು ತಂದು ಕಾಳಿ ನದಿಯಲ್ಲಿ ನಿಲ್ಲಿಸಿದರೆ ಸಾಕು, ಘರಪಟ್ಟಿ ಅರ್ಧ ಆಗತ್ತೆ ಅನ್ನೋದು ಅವರ ವಾದ. ನಗುತ್ತ ಹೇಳುವ ಮಾತೇ. ಆದರೆ ಕೆಲವು ದೇಶಗಳು ಇದನ್ನು ಕಾನೂನು ಮಾಡಿ ನಡೆಸಿ ನೋಡಿವೆ. ಲೆಕ್ಕ ಎಲ್ಲಿ ಕೂಡಿತು, ಎಲ್ಲಿ ಕೂಡಲಿಲ್ಲ ಅನ್ನೋದಕ್ಕೆ ದಾಖಲೆ ಇದೆ.

ಜೂಜಿನಿಂದ ಸರ್ಕಾರ ದುಡ್ಡು ಎತ್ತುವುದು ನಮಗೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿಯೇ ಇದ್ದಾನೆ. ಜೂಜು ಅವನ ಕಣ್ಣೆದುರೇ ನಡೆಯಬೇಕು, ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲು ಅವನಿಗೆ ಸಲ್ಲಬೇಕು. ಕಂಪನಿ ಸರ್ಕಾರವೂ ಹಿಂದೆ ಬೀಳಲಿಲ್ಲ. ಕೋಲ್ಕತ್ತಾದ ಟೌನ್ ಹಾಲ್ 1813ರಲ್ಲಿ ಎದ್ದು ನಿಂತದ್ದು ಲಾಟರಿ ಹಣದಿಂದ. 1817ರಲ್ಲಿ ಅಲ್ಲಿ ಲಾಟರಿ ಕಮಿಟಿಯೇ ಆಯಿತು. ಊರಿನ ರಸ್ತೆ, ಕೆರೆಯ ಕೆಲಸಕ್ಕೆಲ್ಲ ಟಿಕೆಟ್ ಮಾರಿದ ದುಡ್ಡು. ಅಂದರೆ ಪಟ್ಟಣದ ಖರ್ಚನ್ನು ಮನೆ ಮಾಲೀಕನ ತಲೆಯಿಂದ ತೆಗೆದು ಟಿಕೆಟ್ ಕೊಳ್ಳುವವನ ತಲೆಗೆ ಹಾಕುವ ಉಪಾಯಕ್ಕೆ ನಮ್ಮ ದೇಶದಲ್ಲೇ ಇನ್ನೂರು ವರ್ಷ ದಾಟಿದೆ.

ಇದನ್ನು ಪೂರ್ತಿ ದಕ್ಕಿಸಿಕೊಂಡದ್ದು ಮೊನಾಕೊ. ಸಾಲದಲ್ಲಿ ಮುಳುಗಿದ್ದ ಪುಟ್ಟ ರಾಜ್ಯ ಅದು. 1863ರ ಸುಮಾರಿಗೆ ಅಲ್ಲಿನ ಕ್ಯಾಸಿನೊ ಫ್ರಾಂಸ್ವಾ ಬ್ಲಾಂ ಎಂಬ ಚಾಲಾಕಿ ವ್ಯಾಪಾರಿಯ ಕೈಗೆ ಹೋಯಿತು. 1869ರಲ್ಲಿ ರಾಜ ಮೂರನೇ ಚಾರ್ಲ್ಸ್ ತನ್ನ ಪ್ರಜೆಗಳ ನೇರ ತೆರಿಗೆಯನ್ನೇ ತೆಗೆದುಹಾಕಿದ. ಇದರ ಜತೆಗಿನ ಇನ್ನೊಂದು ನಿಯಮವೇ ನಿಜವಾದ ಗುಟ್ಟು. ಮೊನಾಕೊದ ಪ್ರಜೆಗಳು ಆ ಕ್ಯಾಸಿನೊದಲ್ಲಿ ಆಡುವ ಹಾಗಿಲ್ಲ. ಸೋಲುವವನು ಹೊರಗಿನವನು, ತೆರಿಗೆ ಉಳಿಯುವುದು ಒಳಗಿನವನಿಗೆ.

ಅಮೆರಿಕದಲ್ಲಿ ಮನೆ ತೆರಿಗೆ ಅಂದರೆ ಸಾವಿರಗಟ್ಟಲೆ ಡಾಲರ್. ಊರ ಶಾಲೆಗಳು ನಡೆಯುವುದೇ ಅದರಿಂದ. ಹಾಗಾಗಿ ತೆರಿಗೆ ಇಳಿಸುತ್ತೇನೆ ಎಂದವನಿಗೆ ಅಲ್ಲಿ ಓಟು ಬೀಳುತ್ತದೆ. 1976ರಲ್ಲಿ ನ್ಯೂಜೆರ್ಸಿಯ ಜನ ಅಟ್ಲಾಂಟಿಕ್ ಸಿಟಿಗೆ ಕ್ಯಾಸಿನೊ ಬರಲಿ ಎಂದು ಮತ ಹಾಕಿದರು. ಆ ಆದಾಯ ವೃದ್ಧರ ಮತ್ತು ಅಂಗವಿಕಲರ ಮನೆ ತೆರಿಗೆ, ಬಾಡಿಗೆ, ಕರೆಂಟ್ ಬಿಲ್ ಇಳಿಸಲು ಹೋಗಬೇಕು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದರು.

ಪೆನ್ಸಿಲ್ವೇನಿಯಾದ ಕಥೆ ಇನ್ನೂ ಸ್ವಾರಸ್ಯದ್ದು. ಗವರ್ನರ್ ಎಡ್ ರೆಂಡೆಲ್ 2004ರಲ್ಲಿ ಸ್ಲಾಟ್ ಎಂಬ ಜೂಜಿನ ಯಂತ್ರಗಳಿಗೆ ಅನುಮತಿ ಕೊಡುವ ಕಾನೂನಿಗೆ ಸಹಿ ಹಾಕಿದರು. ಯಂತ್ರದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ತೆರಿಗೆಗೇ ಹೋಗುತ್ತದೆ. ಅದರೊಳಗೆ ಆದಾಯದ ಶೇ 34 ಭಾಗ ಮನೆ ತೆರಿಗೆ ಇಳಿಸಲು ಮೀಸಲು. ಆದರೆ ಊರ ಶಾಲೆ ನಡೆಸಲು ಮನೆ ತೆರಿಗೆ ಹಾಕುವ ಶಾಲಾ ಜಿಲ್ಲೆಗಳೆಂಬ ಸ್ಥಳೀಯ ಸಂಸ್ಥೆಗಳು ಒಪ್ಪಿದರೆ ಮಾತ್ರ ಈ ಯೋಜನೆಗೆ ಸೇರಬಹುದಿತ್ತು. ಸುಮಾರು 500 ಜಿಲ್ಲೆಗಳಲ್ಲಿ ಸೇರಿದ್ದು 111 ಮಾತ್ರ. ದುಡ್ಡು ಬೇಡ ಅಂತಲ್ಲ. ಸೇರಿದರೆ ಮುಂದೆ ಒಂದು ಮಿತಿ ಮೀರಿ ತೆರಿಗೆ ಏರಿಸಲು ಜನರ ಮತ ಕೇಳಬೇಕಾಗುತ್ತಿತ್ತು. ಕೊನೆಗೆ 2006ರಲ್ಲಿ ಎಲ್ಲರಿಗೂ ಅನ್ವಯಿಸುವ ಇನ್ನೊಂದು ಕಾನೂನು ತಂದರು. 2008ರಿಂದ ರಾಜ್ಯದಾದ್ಯಂತ ಕಡಿತ ಸಿಕ್ಕಿತು. ಎಷ್ಟು? ಸರಾಸರಿ ಒಂದು ಮನೆಗೆ ವರ್ಷಕ್ಕೆ 200 ಡಾಲರ್ ಆಸುಪಾಸು. ಅದೂ ಸ್ವಂತ ಮನೆಯಲ್ಲೇ ವಾಸ ಇರುವವರಿಗೆ, ಅರ್ಜಿ ಹಾಕಿದ್ದರೆ. ಬಾಡಿಗೆ ಮನೆಯಲ್ಲಿದ್ದು ಸ್ಲಾಟ್ ಯಂತ್ರಕ್ಕೆ ಸಂಬಳ ಸುರಿದವನಿಗೆ ಈ ಕಡಿತದಲ್ಲಿ ಪಾಲಿಲ್ಲ. ಪ್ರಚಾರದ ಅಬ್ಬರದ ಮುಂದೆ ಸಿಕ್ಕಿದ್ದು ಸಣ್ಣದು, ಸುಳ್ಳಂತೂ ಅಲ್ಲ.

ಈಗ ನಮ್ಮ ಕಡೆಗೆ ಬರೋಣ. ಸರ್ಕಾರದ ಲಾಟರಿಯನ್ನು ನಮ್ಮ ರಾಜ್ಯವೂ ವರ್ಷಗಟ್ಟಲೆ ನಡೆಸಿತ್ತು. ಶಿರಸಿ, ಕುಮಟಾ, ಕಾರವಾರ, ಯಾವ ಬಸ್‌ಸ್ಟ್ಯಾಂಡಿನ ಹತ್ತಿರ ಇಳಿದರೂ ದಾರಕ್ಕೆ ಕ್ಲಿಪ್ ಹಾಕಿ ತೂಗಿಬಿಟ್ಟ ಬಣ್ಣಬಣ್ಣದ ಟಿಕೆಟ್‌ಗಳು, ಪಕ್ಕದಲ್ಲೇ ಫಲಿತಾಂಶದ ಪೇಪರ್ ಮೇಲೆ ಬಗ್ಗಿ ನಿಂತ ನಾಲ್ಕು ತಲೆ. ಆ ದುಡ್ಡು ರಾಜ್ಯದ ಖಜಾನೆಗೆ ಹೋಯಿತೇ ಹೊರತು ಯಾವ ಪುರಸಭೆಯ ಮನೆ ತೆರಿಗೆಗೂ ಅದನ್ನು ಗಂಟು ಹಾಕಿರಲಿಲ್ಲ. ಒಂದಂಕಿ ಲಾಟರಿ, ಆನ್‌ಲೈನ್ ಲಾಟರಿ ಬಂದ ಮೇಲೆ ಕೂಲಿಯವರ ಮನೆಗಳು ಹಾಳಾದವು ಎಂಬ ಕೂಗು ಎದ್ದಿತು. 2007ರಲ್ಲಿ ಕುಮಾರಸ್ವಾಮಿ ಸರ್ಕಾರ ಲಾಟರಿ ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಸಾರಾಯಿಯೂ ನಿಂತಿತು. ಪಕ್ಕದ ಕೇರಳ ಮಾತ್ರ 1967ರಲ್ಲಿ ಶುರು ಮಾಡಿದ ಲಾಟರಿಯನ್ನು ಬಿಡಲಿಲ್ಲ. ಕಾರುಣ್ಯ ಎಂಬ ಲಾಟರಿಯ ಲಾಭವನ್ನು ಬಡವರ ಚಿಕಿತ್ಸೆಗೆ ಕಟ್ಟಿ ಹಾಕಿತು. ಯಾವ ಖರ್ಚಿಗೆ ಅಂತ ಮೊದಲೇ ಬರೆದಿಟ್ಟರೆ ಜನ ಒಪ್ಪುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ಲಾಟರಿ ಹೋಯಿತು, ಜೂಜು ಹೋಗಲಿಲ್ಲ. ಮಟ್ಕಾ ಅಥವಾ ಓಸಿ ಈಗಲೂ ಪೊಲೀಸ್ ಸುದ್ದಿಯ ಕಾಯಂ ಗಿರಾಕಿ. ಆ ಸುದ್ದಿಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಚೀಟಿ ಬರೆಯುತ್ತಿದ್ದ. 00ಯಿಂದ 99ರವರೆಗೆ ನೂರು ನಂಬರ್. ನೂರಕ್ಕೂ ತಲಾ ಒಂದು ರೂಪಾಯಿ ಬಿದ್ದರೆ ಗೆದ್ದವನಿಗೆ 80, ಉಳಿದ 20 ಬುಕ್ಕಿಗೆ. ಆ 20ರಲ್ಲಿ ನಗರಸಭೆಗೆ ಸೊನ್ನೆ. ಕಾನೂನುಬದ್ಧ ಮಾಡಿ ಎನ್ನುವವರ ಗಟ್ಟಿ ವಾದ ಇದೇ. ಹೇಗೂ ನಡೆಯುತ್ತಿದೆ, ಊರಿಗಾದರೂ ಬರಲಿ. ಆದರೆ ಚೀಟಿ ಬರೆಸುವವನು ಮೀನು ಬುಟ್ಟಿ ಹೊರುವವನು, ರಿಕ್ಷಾದವನು, ನಮ್ಮ ಬೀದಿಯವನೇ. ಅವನ ಸೋಲಿನಿಂದ ನನ್ನ ಘರಪಟ್ಟಿ ಇಳಿದರೆ ತೆರಿಗೆ ಇಳಿದಂತಲ್ಲ, ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋದಂತೆ.

ಗೋವಾ ಇದನ್ನು ಅರ್ಥ ಮಾಡಿಕೊಂಡಿದೆ. 1976ರ ಜೂಜು ಕಾನೂನಿಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ ದಾರಿ ಮಾಡಿತು. ಆಮೇಲೆ ನೀರಿನ ಮೇಲಿನ ಹಡಗುಗಳಿಗೂ ಅನುಮತಿ ಕೊಟ್ಟಿತು. 2020ರ ಫೆಬ್ರುವರಿ 1ರಿಂದ ಗೋವಾದವರು ಕ್ಯಾಸಿನೊದಲ್ಲಿ ಆಡುವಂತಿಲ್ಲ. ಮೊನಾಕೊದ ನಿಯಮವೇ ಅಲ್ವಾ ಇದು? ಹಾಗಾದರೆ ಆಡುವವರು ಯಾರು? ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದವರು, ಮಾಜಾಳಿ ಚೆಕ್‌ಪೋಸ್ಟ್ ದಾಟಿ ಹೋದ ನಮ್ಮವರು.

ಅದೇ ತಿಂಗಳಲ್ಲಿ ನಮ್ಮ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಕರ್ನಾಟಕದಲ್ಲೂ ಕ್ಯಾಸಿನೊ ಬರಬಹುದು ಎಂಬ ಮಾತಾಡಿದರು. ಗದ್ದಲ ಎದ್ದಿತು, ಮಾತು ಅಲ್ಲಿಗೇ ತಣ್ಣಗಾಯಿತು.

ಬಂದೇ ಬಿಟ್ಟಿತು ಅಂದುಕೊಳ್ಳೋಣ. ದುಡ್ಡು ಕಾರವಾರ ನಗರಸಭೆಗೆ ಹೇಗೆ ತಲುಪಬೇಕು? ಸಂವಿಧಾನದ ರಾಜ್ಯ ಪಟ್ಟಿಯಲ್ಲಿ ಜೂಜು 34ನೇ ವಿಷಯ, ಜಮೀನು ಮತ್ತು ಕಟ್ಟಡದ ತೆರಿಗೆ 49ನೇದು. ಎರಡೂ ರಾಜ್ಯದ ಕೈಯಲ್ಲೇ. ಮೊದಲು ಜೂಜಿನ ಮೇಲಿನ ತೆರಿಗೆಯೂ 62ನೇ ವಿಷಯವಾಗಿ ಅಲ್ಲೇ ಇತ್ತು. ಜಿಎಸ್‌ಟಿ ಬಂದಾಗ ಅದು ಕೈ ತಪ್ಪಿತು. ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರ್‌ನಿಂದ ಆಡಲು ಚಿಪ್ಸ್ ಎಂಬ ಬಿಲ್ಲೆ ಕೊಳ್ಳುವ ಪೂರ್ತಿ ಮೊತ್ತಕ್ಕೆ ಶೇ 28 ಆಯಿತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಅದರಲ್ಲಿ ಅರ್ಧ ಕೇಂದ್ರಕ್ಕೆ. ಉಳಿದರ್ಧ ರಾಜ್ಯದ ಖಜಾನೆ ಸೇರಿ, ಬೆಂಗಳೂರಿನಲ್ಲಿ ಒಂದು ಸುತ್ತು ಹೊಡೆದು, ಅನುದಾನದ ರೂಪದಲ್ಲಿ ಊರಿಗೆ ಬರಬೇಕು. ಲೈಸೆನ್ಸ್ ಶುಲ್ಕವೊಂದನ್ನು ರಾಜ್ಯ ಪ್ರತ್ಯೇಕ ವಸೂಲಿ ಮಾಡಬಹುದು. ಅದರ ಇಂತಿಷ್ಟು ಪಾಲು ಆಯಾ ಊರಿನ ಘರಪಟ್ಟಿ ಕಡಿತಕ್ಕೇ ಹೋಗಬೇಕು ಎಂದು ಪೆನ್ಸಿಲ್ವೇನಿಯಾದ ಹಾಗೆ ಕಾನೂನಿನಲ್ಲಿ ಬರೆಯದಿದ್ದರೆ ಹಡಗು ಕಾಳಿ ನದಿಯಲ್ಲಿ, ದುಡ್ಡು ವಿಧಾನಸೌಧದಲ್ಲಿ. ಅಷ್ಟರ ಮೊದಲು ಜೂಜನ್ನು ಅಪರಾಧ ಎನ್ನುವ ರಾಜ್ಯದ 1963ರ ಪೊಲೀಸ್ ಕಾಯ್ದೆಯನ್ನೂ ತಿದ್ದಬೇಕು. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ದಾರಿಯನ್ನಂತೂ ಸಂಸತ್ತು 2025ರ ಆಗಸ್ಟ್‌ನಲ್ಲಿ ಮುಚ್ಚಿತು.

ಘರಪಟ್ಟಿ ಏರುವುದಕ್ಕೆ ಬೇರೆಯೇ ಕಾರಣ ಇದೆ. 2002ರಿಂದ ನಮ್ಮ ಊರುಗಳಲ್ಲಿ ಆಸ್ತಿಯ ಬೆಲೆ ನೋಡಿ ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ. 2021ರಲ್ಲಿ ಅದನ್ನು ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕೆ ಜೋಡಿಸಿದರು. 2023ರ ಅಕ್ಟೋಬರ್‌ನಲ್ಲಿ ಆ ದರವೇ ಏರಿತು. ಮನೆ ಅದೇ, ಹಂಚೂ ಅದೇ, ಪಟ್ಟಿ ಮಾತ್ರ ಉದ್ದ. ರಸೀದಿಯ ಕೆಳಗೆ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಕರಗಳೂ ಸೇರಿಕೊಳ್ಳುತ್ತವೆ. ಅವನ್ನು ನಗರಸಭೆ ವಸೂಲಿ ಮಾಡಿ ಬೇರೆಯವರಿಗೆ ದಾಟಿಸುತ್ತದೆ. ಘರಪಟ್ಟಿ ಇಳಿಯಬೇಕೆಂದರೆ ಕೈ ಹಾಕಬೇಕಾದ ಜಾಗ ಆ ಮಾರ್ಗಸೂಚಿ ದರ. ಸದ್ಯಕ್ಕೆ ಎಲ್ಲರಿಗೂ ಸಿಗುವ ಕಡಿತ ಒಂದೇ. ಪೂರ್ತಿ ವರ್ಷದ್ದನ್ನು ಏಪ್ರಿಲ್ ಒಳಗೆ ಕಟ್ಟಿದರೆ ಶೇ 5.